ಮುಳುಗಿದ ಊರಿನ ಇಬ್ಬರು

ರೈಲು ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಹಳಿ ಸಣ್ಣಗೆ ಗುಂಯ್‌ಗುಡತೊಡಗುತ್ತದೆ. ಸಾಗರ ಜಂಬಗಾರು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ನೀವು ನಿಂತಿದ್ದೀರಿ. ಮೇ ತಿಂಗಳ ಬೆಳಗು. ರಾತ್ರಿ ನಾಲ್ಕು ಹನಿ ಬಿದ್ದು ಹೋಗಿದೆ, ಜಲ್ಲಿಕಲ್ಲಿನಿಂದ ಇನ್ನೂ ಹಸಿ ವಾಸನೆ ಏಳುತ್ತಿದೆ. ಅಂಗೈ ಬೆವರಿದೆ. ಪಂಚೆಗೆ ಒರೆಸಿಕೊಳ್ಳುತ್ತೀರಿ, ಮತ್ತೆ ಒದ್ದೆ. ಎಪ್ಪತ್ತು ದಾಟಿದ ಮೈಗೆ ಇಂಥ ಬೆವರು ಮರೆತೇ ಹೋಗಿತ್ತು.

ಅವನ ದನಿ ನಿಮಗೆ ಗೊತ್ತು. ಭಾನುವಾರದ ಸಂಜೆಗಳಲ್ಲಿ ಫೋನಿನಲ್ಲಿ ಕೇಳುವ ದನಿ ಅದು. ವಿಡಿಯೊ ಕಾಲ್ ಅಂದರೆ ಅವನಿಗೆ ಆಗದು, ‘ಮುಖ ನೋಡೋದಾದ್ರೆ ಎದುರಿಗೇ ನೋಡಬೇಕು’ ಅನ್ನುತ್ತಾನೆ. ಆದರೆ ದನಿಗೆ ವಯಸ್ಸಾಗುವುದು ನಿಧಾನ, ಮೈಗೆ ಬೇಗ. ಅವನ ಅಮ್ಮ ತೀರಿಕೊಂಡಾಗ ಕಂಡದ್ದೇ ಕೊನೆ. ಆಗ ಅವನ ತಲೆ ಕಪ್ಪಗಿತ್ತು. ಆಮೇಲೆ ಅವನ ಎದೆಯೊಳಗೆ ಸ್ಟೆಂಟ್ ಕೂತಿತು, ನಿಮ್ಮ ಮಂಡಿ ಸವೆಯಿತು. ಇಷ್ಟೊಂದು ಜನ ಇಳಿಯುವಾಗ ಅವನ ಗುರುತು ಸಿಗದೆ ಹೋದರೆ? ಅವನು ಎದುರಿಗೇ ನಿಂತಿದ್ದು, ನೀವು ಅವನ ಹೆಗಲ ಮೇಲಿಂದ ಇನ್ಯಾರನ್ನೋ ಹುಡುಕುತ್ತಿದ್ದರೆ? ಈ ಭಯವನ್ನು ನೀವು ಹೆಂಡತಿಗೂ ಹೇಳಿಲ್ಲ.

ಬ್ರೇಕು ಕಿರುಚುತ್ತದೆ. ಕಾದ ಕಬ್ಬಿಣದ ವಾಸನೆ ಮೂಗಿಗೆ ಅಡರುತ್ತದೆ. ಬಾಗಿಲುಗಳು ಒಂದೊಂದೇ ನಿಮ್ಮೆದುರು ಹಾದು ಹೋಗುತ್ತವೆ. ಚೀಲಗಳು ಇಳಿಯುತ್ತವೆ, ಮಕ್ಕಳು ಇಳಿಯುತ್ತಾರೆ, ಸಿಗಂದೂರು ಚೌಡೇಶ್ವರಿಗೆ ಹೊರಟ ಒಂದು ದೊಡ್ಡ ಸಂಸಾರವೇ ಇಳಿಯುತ್ತದೆ. ಬೋಳುತಲೆಗಳು, ಬಿಳಿಗಡ್ಡಗಳು, ಕನ್ನಡಕಗಳು. ಯಾವುದೂ ಅವನದಲ್ಲ. ಎಲ್ಲವೂ ಅವನದಿರಬಹುದು. ಗಂಟಲು ಒಣಗುತ್ತದೆ.

ಆಗ ಕೊನೆಯ ಬೋಗಿಯ ಬಾಗಿಲಲ್ಲಿ ಒಂದು ಕಾಲು ಕಾಣುತ್ತದೆ. ಎಡಗಾಲು. ಅದು ಕೆಳಗಿಳಿದು ಬೆರಳ ತುದಿಯಿಂದ ನೆಲವನ್ನು ಮುಟ್ಟಿ ನೋಡುತ್ತದೆ, ನೆಲ ಅಲುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮೈಯ ಭಾರವನ್ನು ಬಿಡುತ್ತದೆ. ದೋಣಿಯಿಂದ ದಡಕ್ಕೆ ಇಳಿದು ಬೆಳೆದವರು ಹೀಗೆ ಇಳಿಯುತ್ತಾರೆ. ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ. ಶರಾವತಿಯಲ್ಲಿ ದೋಣಿ ನಡೆಸುತ್ತಿದ್ದವರ ಮಗನ ಕಾಲು ಅದು. ನಿಮ್ಮ ಮಂಡಿ ನೋವು ಎಲ್ಲಿ ಹೋಯಿತೋ, ನೀವು ಓಡುತ್ತಿದ್ದೀರಿ.

ಅಪ್ಪಿಕೊಳ್ಳುವುದು ನಿಮ್ಮಿಬ್ಬರಿಗೂ ರೂಢಿಯಿಲ್ಲ. ಅವನು ನಿಮ್ಮ ಮುಂಗೈ ಹಿಡಿಯುತ್ತಾನೆ. ಉಕ್ಕಿನ ಕಾರ್ಖಾನೆಯಲ್ಲಿ ಬದುಕು ಸವೆಸಿದ ಕೈ, ಚರ್ಮ ಒರಟು, ಹಿಡಿತ ಬಿಗಿ. ಹಿಡಿದವನು ಬಿಡುವುದಿಲ್ಲ.

‘ಮುದುಕ ಆಗಿಬಿಟ್ಯಲಾ ಮಾರಾಯ.’

‘ನೀನೇನು ಎಳೆಗರುವಾ?’

ಅವನ ಗಲ್ಲ ನಡುಗುತ್ತದೆ. ನೀವು ಅವನ ಚೀಲ ತೆಗೆದುಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತೀರಿ.

ಅವನು ಬಂದಿರುವುದು ಛತ್ತೀಸಗಡದ ಭಿಲಾಯಿಯಿಂದ. ದುರ್ಗ್ ನಿಲ್ದಾಣದಲ್ಲಿ ಹತ್ತಿ, ಯಶವಂತಪುರದಲ್ಲಿ ಇಳಿದು, ರಾತ್ರಿಯ ತಾಳಗುಪ್ಪ ರೈಲು ಹಿಡಿದು ಬಂದಿದ್ದಾನೆ. ಅವನು ದುಡಿದದ್ದು 1959ರಲ್ಲಿ ಸೋವಿಯತ್ ಒಕ್ಕೂಟದ ನೆರವಿನಿಂದ ಉಕ್ಕು ಹರಿಸಲು ಶುರುಮಾಡಿದ ಅಲ್ಲಿನ ಕಾರ್ಖಾನೆಯಲ್ಲಿ. ದೇಶದ ರೈಲುಹಳಿಗಳು ಹೆಚ್ಚಾಗಿ ಅಲ್ಲಿಯವೇ, ಈಗ 260 ಮೀಟರ್ ಉದ್ದದ ಹಳಿಯನ್ನು ಇಡಿಯಾಗಿ ಕಳಿಸುತ್ತಾರೆ. ‘ರೈಲು ಹತ್ತೋವಾಗ ಒಂದ್ಸಲ ಕೆಳಗೆ ನೋಡ್ಕಾ, ನಮ್ಮ ಹಳಿನೇ ಇರಬಹುದು’ ಎಂದು ಫೋನಿನಲ್ಲಿ ಹೇಳುತ್ತಿದ್ದ. ಅದಕ್ಕೇ ಇರಬೇಕು, ಈಗ ಅವನು ರೈಲು ಹೊರಟು ಹೋಗುವವರೆಗೂ ನಿಂತು ಹಳಿಯನ್ನೇ ನೋಡುತ್ತಾನೆ.

ಹೊರಗೆ ಪಕ್ಕದ ಮನೆಯ ಹುಡುಗ ಓಮ್ನಿ ನಿಲ್ಲಿಸಿಕೊಂಡು ಕಾದಿದ್ದಾನೆ. ಹಿಂದಿನ ಸೀಟಿನಲ್ಲಿ ನಿಮ್ಮ ಮನೆಯವರು ಕಟ್ಟಿಕೊಟ್ಟ ಬುತ್ತಿಯಿದೆ. ಈಗ ನೀವು ಒಂದು ತೀರ್ಮಾನ ಮಾಡಬೇಕು. ಎಡಕ್ಕೆ ತಿರುಗಿದರೆ ಮನೆ, ಬಿಸಿನೀರ ಸ್ನಾನ, ವಿಶ್ರಾಂತಿ. ಅವನು ಎರಡು ರಾತ್ರಿ ಸರಿಯಾಗಿ ಮಲಗಿಲ್ಲ, ಎದೆಯ ಮಾತ್ರೆ ನುಂಗುವವನು. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ನೇರ ಹೋದರೆ ಹೊಳೆಬಾಗಿಲಿನ ದಾರಿ. ಈ ಬೇಸಿಗೆಯಲ್ಲಿ ಲಿಂಗನಮಕ್ಕಿ ಜಲಾಶಯದ ನೀರು ಆಳಕ್ಕೆ ಇಳಿದಿದೆ, ಹಿರೇಭಾಸ್ಕರ ಅಣೆಕಟ್ಟೆಯ ಗೋಡೆ ಮೇಲೆದ್ದಿದೆ. ಹುಡುಗ ಮೊನ್ನೆ ಹೋಗಿ ಫೋಟೊ ತೆಗೆದು ತಂದಿದ್ದ, ನೀವು ಅದನ್ನು ಭಿಲಾಯಿಗೆ ಕಳಿಸಿದ್ದಿರಿ. ಅವನು ಹೊರಟು ಬಂದಿದ್ದೇ ಆ ಫೋಟೊ ನೋಡಿ. ಮುಂಗಾರು ಇಳಿದರೆ ವಾರಗಳಲ್ಲಿ ಎಲ್ಲವೂ ಮತ್ತೆ ತಳ ಸೇರುತ್ತದೆ. ಮುಂದಿನ ವರ್ಷ ನೀರು ಇಷ್ಟು ಇಳಿಯುತ್ತದೆಯೇ? ಇಳಿದರೂ ನೀವಿಬ್ಬರೂ ಇರುತ್ತೀರಾ?

‘ಮನೆ ಆಮೇಲೆ. ಮೊದಲು ಊರಿಗೆ’ ಅನ್ನುತ್ತಾನೆ ಅವನು.

ಹುಡುಗ ನಿಮ್ಮ ಮುಖ ನೋಡುತ್ತಾನೆ. ಊರು ಅಂದರೆ ಯಾವ ಊರು ಎಂದು ಅವನಿಗೆ ತಿಳಿಯದು. ನಿಮಗೆ ತಿಳಿಯುತ್ತದೆ. ಕೈ ಮುಂದಕ್ಕೆ ಚಾಚಿ ದಾರಿ ತೋರಿಸುತ್ತೀರಿ.

ಓಮ್ನಿ ಕಾಡಿನ ರಸ್ತೆಯಲ್ಲಿ ಕುಲುಕುತ್ತ ಸಾಗುತ್ತದೆ. ಅವನು ಕಿಟಕಿಯಿಂದ ಮುಖ ಹೊರಗಿಟ್ಟು ಗಾಳಿ ಕುಡಿಯುತ್ತಿದ್ದಾನೆ. ಅಂಬಾರಗೋಡ್ಲಿನಲ್ಲಿ ಹೊಸ ಸೇತುವೆ ಕಣ್ಣಿಗೆ ಬೀಳುತ್ತದೆ. 2025ರ ಜುಲೈ 14ರಂದು ತೆರೆದ, 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಕಂಬಗಳಿಂದ ಇಳಿದ ಬಿಳಿಯ ಕೇಬಲ್ಲುಗಳು ಬಿಸಿಲಿಗೆ ಹೊಳೆಯುತ್ತಿವೆ. ಹಿನ್ನೀರಿನಾಚೆಯ ಜನ ಆಸ್ಪತ್ರೆಗೆ ಬರಲಿಕ್ಕೂ ಲಾಂಚು ಕಾಯುತ್ತಿದ್ದ ದಿನಗಳನ್ನು ನೀವು ಹೇಳುತ್ತೀರಿ. ಅವನು ಕೇಳಿಸಿಕೊಳ್ಳುತ್ತಾನೆ. ‘ಅಪ್ಪ ಇದ್ದಿದ್ರೆ ಇದ್ರ ಮೇಲೆ ಒಂದ್ಸಲ ನಡೆಸ್ತಿದ್ದೆ. ಒಂದೇ ಹುಟ್ಟು ಹಾಕದೆ ಹೊಳೆ ದಾಟ್ಸಿದೀನಿ ನೋಡು ಅಂತಿದ್ದೆ’ ಅನ್ನುತ್ತಾನೆ. ಮತ್ತೆ ಇಬ್ಬರೂ ಸುಮ್ಮನಾಗುತ್ತೀರಿ.

ಸಿಗಂದೂರಿನ ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿಯುತ್ತೀರಿ. ಮರಗಳ ಸಾಲು ಒಮ್ಮೆಗೇ ಮುಗಿಯುತ್ತದೆ. ಓಮ್ನಿ ನಿಲ್ಲುತ್ತದೆ.

ಎದುರಿಗೆ ಬರಿದೋ ಬರಿದು. ನೀರು ಬಿಟ್ಟು ಹೋದ ಕೆಂಪು, ಕಂದು, ಬೂದಿ ಬಣ್ಣದ ನೆಲ ದಿಗಂತದವರೆಗೆ ಚಾಚಿಕೊಂಡಿದೆ. ಅದರ ತುಂಬ ಸತ್ತ ಮರಗಳ ಕರಿಯ ಬೊಡ್ಡೆಗಳು. ದೂರದಲ್ಲಿ ನೀರು ತಗಡಿನ ಹೊಳಪಿನಲ್ಲಿ ಮಲಗಿದೆ, ಅದರ ನಡುವಿನಿಂದ ಹಿರೇಭಾಸ್ಕರದ ಕಲ್ಲುಗೋಡೆ ಎದ್ದಿದೆ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರು ಕಾಯ್ದಿಟ್ಟ ಅಣೆಕಟ್ಟು ಇದೇ. ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸದ ದೊಡ್ಡ ದುಂಡನೆಯ ಸೈಫನ್‌ಗಳು ಇನ್ನೂ ಬಾಯಿ ತೆರೆದು ನಿಂತಿವೆ. 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಅದರ ನೀರು 1,819 ಅಡಿಯ ಮಟ್ಟಕ್ಕೆ ಏರುವಾಗ ಈ ಅಣೆಕಟ್ಟೇ ಮುಳುಗಿತು. ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ಬಂತು. ನಿಮ್ಮದೂ ಅದರಲ್ಲೊಂದು.

ನಿಮಗಾಗ ಹನ್ನೆರಡು. ದೊಡ್ಡವರು ಸೂರಿನ ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಲಾರಿಗೆ ಏರಿಸಿದರು. ಅವನ ಮನೆಯ ಲಾರಿ ಮೊದಲು ಹೊರಟಿತು. ಅವರಿಗೆ ಕೊಟ್ಟ ಜಾಗ ಶಿವಮೊಗ್ಗದಾಚೆಯ ಕಾಡು, ನಿಮಗೆ ಸಾಗರದ ಈಚೆಯ ಕಾಡು. ಹೆಬ್ಬಾಗಿಲನ್ನು ಅಡ್ಡ ಮಲಗಿಸಿ ಅದರ ಮೇಲೆ ಅವನನ್ನು ಕೂರಿಸಿದ್ದರು. ಧೂಳೆದ್ದು ಅವನು ಕಾಣದಾಗುವವರೆಗೆ ನೀವು ಲಾರಿಯ ಹಿಂದೆ ಓಡಿದ್ದಿರಿ. ನಾಡಿಗೆಲ್ಲ ಬೆಳಕು ಕೊಡಲು ಮನೆ ಬಿಟ್ಟವರ ಎಷ್ಟೋ ಕೇರಿಗಳಿಗೆ ದಶಕಗಳ ಕಾಲ ಕರೆಂಟು ಬರಲಿಲ್ಲ, ಎಷ್ಟೋ ಮಂದಿಗೆ ಉಳುವ ನೆಲದ ಹಕ್ಕುಪತ್ರ ಇಂದಿಗೂ ಸಿಕ್ಕಿಲ್ಲ. ಅವನು ಹದಿನೆಂಟು ತುಂಬಿದ ಮೇಲೆ ಕೆಲಸ ಹುಡುಕಿಕೊಂಡು ಭಿಲಾಯಿಗೆ ಹೋದ. ನೀವು ಇಲ್ಲೇ ಉಳಿದಿರಿ.

‘ಇಳಿಯಾ’ ಅನ್ನುತ್ತಾನೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಾನೆ.

ನೆಲ ಸುಡುತ್ತದೆ. ಮೇಲ್ಪದರ ಹಪ್ಪಳದ ಹಾಗೆ ಬಿರುಕು ಬಿಟ್ಟಿದೆ, ಕಾಲಿಟ್ಟರೆ ಚಟಚಟ ಒಡೆಯುತ್ತದೆ. ಒಣಗಿದ ಬಸವನಹುಳುವಿನ ಚಿಪ್ಪು ಅಂಗಾಲಿಗೆ ಚುಚ್ಚುತ್ತದೆ. ಸತ್ತ ಮೀನು, ಕೊಳೆತ ಬೇರು, ಬಿಸಿಲಿಗೆ ಬೆಂದ ಕೆಸರು, ಎಲ್ಲ ಸೇರಿದ ವಾಸನೆ ಅಲೆಯಲೆಯಾಗಿ ಬರುತ್ತದೆ. ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತ ಚೀರುತ್ತದೆ, ಎಲ್ಲೋ ಹತ್ತಿರ ಅದರ ಮೊಟ್ಟೆಗಳಿರಬೇಕು. ಅವನು ಕಾಲಿಡುವಲ್ಲೆಲ್ಲ ನೋಡಿ ನೋಡಿ ಇಡುತ್ತಾನೆ.

‘ಗೋಡೆ ಅಲ್ಲಿದೆ ಅಂದ್ರೆ ಶಾಲೆ ಇಲ್ಲಿರಬೇಕು.’

‘ಅಲ್ಲ, ಶಾಲೆಯಿಂದ ಗೋಡೆ ಕಾಣ್ತಿರಲಿಲ್ಲ. ಮಧ್ಯ ಗುಡ್ಡದ ಮೂಗು ಇತ್ತು.’

‘ಗುಡ್ಡ ಇರೋದು ಆ ಕಡೆ ಕಣಾ.’

ದಾರಿ ತೋರುವವರು ಯಾರೂ ಇಲ್ಲ. ಕೇಳಬೇಕಾದ ಹಿರಿಯರೆಲ್ಲ ಹೋಗಿಬಿಟ್ಟಿದ್ದಾರೆ. ನೀವು ಗುಡ್ಡವನ್ನು ಹಿಡಿಯುತ್ತೀರಿ, ಅವನು ಗೋಡೆಯನ್ನು ಹಿಡಿಯುತ್ತಾನೆ, ಎರಡೂ ಕೂಡುವಲ್ಲಿಗೆ ನಡೆಯುತ್ತೀರಿ. ಬೆನ್ನ ಮೇಲೆ ಬಿಸಿಲು, ಬಾಯಲ್ಲಿ ಧೂಳು. ಹಿಂತಿರುಗಿ ನೋಡಿದರೆ ಓಮ್ನಿ ಬೆರಳುಗುರಿನಷ್ಟು ಸಣ್ಣದಾಗಿದೆ.

ಮುಂದೆ ತಗ್ಗು. ಒಂದು ಕಾಲದ ಹಳ್ಳ. ಅದರಾಚೆ ಕೆಂಪು ಜಂಬಿಟ್ಟಿಗೆಯ ಅಡಿಪಾಯದ ಸಾಲು ಕಾಣುತ್ತಿದೆ, ಕಲ್ಲಿನ ಮೆಟ್ಟಿಲೂ ಕಾಣುತ್ತಿದೆ. ಅವನ ಉಸಿರು ಸಿಕ್ಕಿಕೊಳ್ಳುತ್ತದೆ. ತಗ್ಗಿನ ನೆಲದ ಬಣ್ಣ ಬೇರೆ, ಕಪ್ಪು. ಬಿರುಕುಗಳೂ ಅಲ್ಲಿ ಇಲ್ಲ. ಸುತ್ತಿಕೊಂಡು ಹೋದರೆ ಇನ್ನೂ ಅಷ್ಟೇ ನಡೆಯಬೇಕು, ಈ ಬಿಸಿಲಲ್ಲಿ, ಈ ಎದೆ ಹೊತ್ತುಕೊಂಡು. ದಾಟಿದರೆ ಹತ್ತು ಹೆಜ್ಜೆ. ನಿಮ್ಮಿಬ್ಬರ ಕಣ್ಣುಗಳು ಕೂಡುತ್ತವೆ. ಇಬ್ಬರೂ ಅದನ್ನೇ ಲೆಕ್ಕ ಹಾಕುತ್ತಿದ್ದೀರಿ.

‘ಮುಟ್ಟಿ ನೋಡ್ತೀನಿ’ ಅನ್ನುತ್ತಾನೆ. ಎಡಗಾಲು ಚಾಚುತ್ತಾನೆ. ನೆಲ ತಾಳುತ್ತದೆ. ಬಲಗಾಲು. ತಾಳುತ್ತದೆ. ಇನ್ನೊಂದು ಹೆಜ್ಜೆ.

ನೆಲ ಬಾಯಿ ಬಿಡುತ್ತದೆ.

ಸದ್ದು ಸಣ್ಣದು. ಅವನು ಮಂಡಿಯವರೆಗೆ ಇಳಿದಿದ್ದಾನೆ. ಕಾಲು ಕೀಳಲು ಹೋಗುತ್ತಾನೆ, ತೊಡೆಯವರೆಗೆ ಇಳಿಯುತ್ತಾನೆ. ಕರಿ ಕೆಸರು ಉಬ್ಬಿ ಬರುತ್ತದೆ, ಗಬ್ಬು ವಾಸನೆ ಎದ್ದು ಬರುತ್ತದೆ. ‘ಅಲುಗಬೇಡ! ಅಲುಗಬೇಡಾ!’ ನಿಮ್ಮ ದನಿ ನಿಮಗೇ ಬೇರೆಯಾಗಿ ಕೇಳುತ್ತದೆ. ಹುಡುಗನನ್ನು ಕೂಗುತ್ತೀರಿ. ಬಯಲು ಕೂಗನ್ನು ನುಂಗುತ್ತದೆ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಒಂದು ಕೈ ಎದೆಯ ಮೇಲಿದೆ.

ಓಮ್ನಿಯ ಕಡೆ ಓಡಬೇಕೆ? ಅಷ್ಟು ಹೊತ್ತು ಅವನನ್ನು ಒಬ್ಬನೇ ಬಿಡಬೇಕೆ? ನೀವೇ ಇಳಿದರೆ ಇಬ್ಬರೂ ಸಿಕ್ಕಿಕೊಳ್ಳುತ್ತೀರಿ. ದಂಡೆಯಲ್ಲಿ ಒಂದು ಬೊಡ್ಡೆಯಿದೆ, ಮತ್ತಿಯದಿರಬೇಕು. ಒದೆಯುತ್ತೀರಿ, ಅಲುಗುವುದಿಲ್ಲ. ಸೊಂಟಕ್ಕೆ ಕೈ ಹಾಕುತ್ತೀರಿ. ಪಂಚೆ ಬಿಚ್ಚುತ್ತೀರಿ, ಹೆಗಲ ಟವಲಿಗೆ ಗಂಟು ಹಾಕುತ್ತೀರಿ. ಒಂದು ತುದಿ ಬೊಡ್ಡೆಗೆ. ಇನ್ನೊಂದು ತುದಿ ಹಿಡಿದು ಕೆಸರಿನ ಮೇಲೆ ಬೋರಲು ಬೀಳುತ್ತೀರಿ. ತಣ್ಣನೆಯ ಲೋಳೆ ಅಂಗಿಯೊಳಗೆ ನುಗ್ಗುತ್ತದೆ. ತೆವಳುತ್ತೀರಿ. ಕೈ ಚಾಚುತ್ತೀರಿ. ಸಾಲದು. ಮತ್ತೆ ತೆವಳುತ್ತೀರಿ.

‘ಹಿಂದಕ್ಕೆ ಒರಗು! ಮಲಗಿಬಿಡು! ಕಾಲು ಮೆಲ್ಲಗೆ ಆಡ್ಸು, ಮೆಲ್ಲಗೆ!’

ಅವನು ಒರಗುತ್ತಾನೆ. ಬಟ್ಟೆಯ ತುದಿ ಅವನ ಬೆರಳಿಗೆ ಸಿಗುತ್ತದೆ, ಜಾರುತ್ತದೆ, ಮತ್ತೆ ಸಿಗುತ್ತದೆ. ಎಳೆಯುತ್ತೀರಿ. ತೋಳಿನ ಸಂದು ಕಳಚುವಂತೆ ನೋಯುತ್ತದೆ. ಗಂಟು ಬಿಗಿಯುತ್ತದೆ, ಪಂಚೆ ಪರ್ರೆನ್ನುತ್ತದೆ. ಹರಿಯಬಾರದು, ಹರಿಯಬಾರದು. ಒಂದು ಕಾಲು ಬರುತ್ತದೆ. ಕೆಸರು ಹೀರಿ ಹಿಡಿದದ್ದನ್ನು ಕೊನೆಗೂ ಬಿಡುತ್ತದೆ. ಇನ್ನೊಂದು ಕಾಲೂ ಬರುತ್ತದೆ. ಅವನ ಕೈ ನಿಮ್ಮ ಕೈಗೆ ಸಿಗುತ್ತದೆ.

ಇಬ್ಬರೂ ದಂಡೆಯ ಮೇಲೆ ಅಂಗಾತ ಬಿದ್ದಿದ್ದೀರಿ. ‘ಜೇಬು’ ಅನ್ನುತ್ತಾನೆ. ಅಂಗಿಯ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು, ಕೆಸರು ಬೆರಳಿನಿಂದಲೇ ಒಂದನ್ನು ಬಿಡಿಸಿ, ಅವನ ನಾಲಿಗೆಯಡಿ ಇಡುತ್ತೀರಿ. ಇನ್ನು ನಿಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಅವನ ಎದೆಯ ಏರಿಳಿತ ನೋಡುತ್ತ ಕೂರುವುದೊಂದೇ. ಏರುತ್ತದೆ. ಇಳಿಯುತ್ತದೆ. ಮತ್ತೆ ಏರುವವರೆಗೆ ನೀವೂ ಉಸಿರು ಬಿಡುವುದಿಲ್ಲ. ಟಿಟ್ಟಿಭ ಚೀರುತ್ತಲೇ ಇದೆ. ನಿಧಾನಕ್ಕೆ ಅವನ ತುಟಿಗೆ ಬಣ್ಣ ಬರುತ್ತದೆ.

‘ವಾಪಸ್ ಹೋಗೋಣ’ ಅನ್ನುತ್ತೀರಿ.

‘ಸುತ್ತಿ ಹೋಗೋಣ’ ಅನ್ನುತ್ತಾನೆ. ‘ಇಷ್ಟು ದೂರ ಬಂದು ಮೆಟ್ಟಿಲ ಮೇಲೆ ಕೂರದೆ ಹೋದ್ರೆ ಈ ಎದೆ ಇಟ್ಕಂಡು ಎಂತ ಮಾಡದು?’

ಹಟ ಹಿಡಿದು ಅವನನ್ನು ಹಿಂದಕ್ಕೆ ಕರೆದೊಯ್ಯಬಹುದು. ಆದರೆ ಅವನ ಕಣ್ಣಲ್ಲಿ ಲಾರಿಯ ಮೇಲೆ ಕೂತ ಹುಡುಗ ಕಾಣುತ್ತಾನೆ. ಅರ್ಧ ಗಂಟೆ ಬೊಡ್ಡೆಗೆ ಒರಗಿ ಕೂರಬೇಕು, ಎದೆ ನೋವು ಇಲ್ಲವೆಂದು ಖಾತ್ರಿಯಾಗಬೇಕು, ಹುಡುಗನಿಗೆ ಫೋನು ಮಾಡಿ ಕರೆಸಿಕೊಳ್ಳಬೇಕು. ಈ ಕರಾರಿಗೆ ಅವನು ಒಪ್ಪುತ್ತಾನೆ. ಹುಡುಗ ನೀರಿನ ಕ್ಯಾನು, ಬುತ್ತಿ ಹೊತ್ತು ಓಡಿ ಬರುತ್ತಾನೆ. ಮೂವರೂ ಹಳ್ಳವನ್ನು ದೂರದಿಂದ ಬಳಸಿ ಹೋಗುತ್ತೀರಿ.

ಮೂರು ಮೆಟ್ಟಿಲು. ಅಂಚು ಸವೆದಿದೆ, ಜಾಗ ಬದಲಾಗಿಲ್ಲ. ‘ನಮ್ಮನೆ’ ಅನ್ನುತ್ತಾನೆ ಅವನು. ನೀವು ತಲೆಯಾಡಿಸುವುದಿಲ್ಲ. ಮೂರನೆಯ ಮೆಟ್ಟಿಲಿನ ಮೂಲೆಯಲ್ಲಿ ಗುಳಿಯಿದೆ, ಅಡಿಕೆ ಒಡೆಯಲು ನಿಮ್ಮ ಅಜ್ಜ ಕುಟ್ಟಿ ಕುಟ್ಟಿ ಆದ ಗುಳಿ. ಬೆರಳು ಹಾಕಿ ನೋಡುತ್ತೀರಿ. ಇದು ನಿಮ್ಮ ಮನೆ. ಹಾಗಾದರೆ ಅವನ ಮನೆ ಕೆಳಗೆ, ಇನ್ನೂ ನೀರಿನೊಳಗೆ. ಅವನು ಒಂದು ಗಳಿಗೆ ಆ ಕಡೆ ನೋಡುತ್ತಾನೆ. ಆಮೇಲೆ ನಿಮ್ಮ ಮೆಟ್ಟಿಲ ಮೇಲೆಯೇ ಕೂರುತ್ತಾನೆ.

ಬುತ್ತಿ ಬಿಚ್ಚುತ್ತೀರಿ. ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿ ಕಚ್ಚಿದಾಗ ಸೊನೆಯ ಪರಿಮಳ ತಲೆಗೇರುತ್ತದೆ, ಕೆಸರಿನ ವಾಸನೆ ಹಿಂದೆ ಸರಿಯುತ್ತದೆ. ಹೊಳೆದಂಡೆಯ ಅಪ್ಪೆಮರ ಎಲ್ಲಿತ್ತು ಎಂದು ಮತ್ತೆ ವಾದ ಹತ್ತುತ್ತದೆ. ವಾದದ ನಡುವೆ ಅವನು ತಟ್ಟನೆ ಅನ್ನುತ್ತಾನೆ:

‘ಪುಟ್ಟಿ ಇಲ್ಲೇ ಕೂತು ಮಿಡಿಗೆ ಉಪ್ಪು ಹಚ್ಕಂಡು ತಿಂತಿದ್ಲು. ಹುಳಿಗೆ ಒಂದು ಕಣ್ಣು ಮುಚ್ತಿದ್ಲು. ಎಡಗಣ್ಣು.’

ತುತ್ತು ನಿಮ್ಮ ಗಂಟಲಲ್ಲೇ ನಿಲ್ಲುತ್ತದೆ. ಪುಟ್ಟಿ ನಿಮ್ಮ ತಂಗಿ. ಮುಳುಗಡೆಗೆ ಮುಂಚಿನ ಮಳೆಗಾಲ ಜ್ವರ ಬಂದು ಹೋದಳು. ಅವಳದೊಂದು ಫೋಟೊ ಇಲ್ಲ. ಅವಳನ್ನು ಮಣ್ಣು ಮಾಡಿದ ಜಾಗವೂ ನೀರಿನಡಿ. ಅಪ್ಪ ಅಮ್ಮ ಹೋದ ಮೇಲೆ ಅವಳ ಹೆಸರು ಹಿಡಿದು ಯಾರೂ ಮಾತಾಡಿಲ್ಲ. ಒಂದು ಕಣ್ಣು ಮುಚ್ಚುತ್ತಿದ್ದಳು ಎಂಬುದು ನಿಮಗೇ ಮರೆತುಹೋಗಿತ್ತು. ಈಗ ಕಾಣುತ್ತಿದೆ, ಎಡಗಣ್ಣು, ಹುಳಿಗೆ ಮುದುರಿದ ಕೆನ್ನೆ, ಎಲ್ಲವೂ. ದೂರದ ಉಕ್ಕಿನ ಊರಿನಲ್ಲಿ, ಕುಲುಮೆಯ ಝಳದೆದುರು, ಇಷ್ಟು ವರ್ಷ ಇವನು ನಿಮ್ಮ ತಂಗಿಯನ್ನು ಜೋಪಾನ ಮಾಡಿಕೊಂಡು ಬಂದಿದ್ದಾನೆ. ನೀವು ಅಳುತ್ತೀರಿ. ಹುಡುಗನೆದುರು ನಾಚಿಕೆಯೂ ಆಗುವುದಿಲ್ಲ.

ಅವನಿಗೆ ಕೊಡಲು ನಿಮ್ಮಲ್ಲೂ ಒಂದಿದೆ. ‘ನಿನ್ನ ಅಪ್ಪ ಆಚೆ ದಡದವರನ್ನು ಕೂಗ್ತಿದ್ದುದು ನೆನಪಿದ್ಯನಾ?’

‘ಕೂಗ್ತಿದ್ರು ಅಂತ ಗೊತ್ತು. ದನಿ ನೆನಪಿಲ್ಲ.’

ನೀವು ಎದ್ದು ನಿಲ್ಲುತ್ತೀರಿ. ಎರಡೂ ಕೈ ಬಾಯಿಗೆ ಬೊಗಸೆ ಮಾಡಿ, ಹೊಟ್ಟೆಯ ಆಳದಿಂದ ಎತ್ತಿ, ಕೊನೆಯಲ್ಲಿ ಮೇಲಕ್ಕೆ ತಿರುಗಿಸಿ ಬಿಡುತ್ತೀರಿ: ‘ಓ... ಹೋಯ್!’ ಬೆಳ್ಳಕ್ಕಿಗಳು ಎದ್ದು ಹಾರುತ್ತವೆ. ಹಿರೇಭಾಸ್ಕರದ ಗೋಡೆಗೆ ಬಡಿದು ಕೂಗು ತಿರುಗಿ ಬರುತ್ತದೆ. ಅವನು ಅನ್ನದ ಕೈಯಲ್ಲೇ ಮುಖ ಮುಚ್ಚಿಕೊಳ್ಳುತ್ತಾನೆ. ‘ಇನ್ನೊಂದ್ಸಲ’ ಅನ್ನುತ್ತಾನೆ. ಇನ್ನೊಮ್ಮೆ ಕೂಗುತ್ತೀರಿ. ಆಮೇಲೆ ಅವನೇ ಎದ್ದು ಕೂಗುತ್ತಾನೆ. ಅವನ ಗಂಟಲಿಂದ ಬಂದದ್ದು ಅವನ ಅಪ್ಪನ ದನಿಯೇ.

ನೀರಿಗೆ ಹೋದ ಊರು ನಿಮ್ಮಲ್ಲಿ ಅರ್ಧ ಉಳಿದಿದೆ, ಅವನಲ್ಲಿ ಅರ್ಧ. ಒಬ್ಬ ಹೋದರೆ ಇನ್ನೊಬ್ಬನ ಅರ್ಧಕ್ಕೆ ಸಾಕ್ಷಿ ಇರುವುದಿಲ್ಲ, ಸರಿಯೋ ತಪ್ಪೋ ಹೇಳುವವರಿರುವುದಿಲ್ಲ. ಫೋನಿನಲ್ಲಿ ಇಷ್ಟು ವರ್ಷ ಮಾತಾಡಿದ್ದು ಮಾತ್ರೆ, ಮೊಮ್ಮಕ್ಕಳು, ಮಳೆ. ಕಾಲು ಈ ನೆಲಕ್ಕೆ ತಾಗದೆ, ಮಿಡಿಯ ಸೊನೆ ಮೂಗಿಗೇರದೆ ಪುಟ್ಟಿ ಅವನ ಬಾಯಿಗೆ ಬರುತ್ತಿರಲಿಲ್ಲ, ಅವನ ಅಪ್ಪ ನಿಮ್ಮ ಗಂಟಲಿಗೆ ಬರುತ್ತಿರಲಿಲ್ಲ. ದೂರದ ಗೆಳೆಯನನ್ನು ಮೈ ನಡೆಯುವಷ್ಟರಲ್ಲಿ ಹೋಗಿ ಕಾಣಬೇಕು, ಬರಮಾಡಿಕೊಳ್ಳಬೇಕು. ಮಂಡಿ, ಎದೆ, ಟಿಕೆಟ್ಟು, ಬಿಸಿಲು, ಯಾವ ನೆಪವೂ ಇದರ ಮುಂದೆ ನಿಲ್ಲುವುದಿಲ್ಲ.

ಸಂಜೆ ಮಳೆ ಹೊಡೆಯುತ್ತದೆ. ಡಾಕ್ಟರು ಇಸಿಜಿ ತೆಗೆದು, ಸದ್ಯಕ್ಕೆ ತೊಂದರೆಯಿಲ್ಲ ಎಂದು ಹೇಳಿ, ಇಬ್ಬರಿಗೂ ಬೈದು ಕಳಿಸಿದ್ದಾರೆ. ಊಟವಾದ ಮೇಲೆ ಮೊಮ್ಮಗಳ ನೋಟುಬುಕ್ಕಿನ ನಡುಹಾಳೆ ಕಿತ್ತು ಜಗುಲಿಯಲ್ಲಿ ಹರಡಿಕೊಳ್ಳುತ್ತೀರಿ. ಅವನು ಪೆನ್ಸಿಲಿನಿಂದ ಹೊಳೆಯ ಗೆರೆ ಎಳೆಯುತ್ತಾನೆ, ನೀವು ಅದನ್ನು ರಬ್ಬರಿನಿಂದ ಅಳಿಸಿ ಬೇರೆ ತಿರುವು ಕೊಡುತ್ತೀರಿ. ಶಾಲೆ, ದೋಣಿಗಂಡಿ, ಎರಡೂ ಮನೆ, ಅಪ್ಪೆಮರ. ಮರದ ಜಾಗಕ್ಕೆ ಇನ್ನೂ ರಾಜಿಯಾಗಿಲ್ಲ. ಮೊಮ್ಮಗಳು ಬಂದು ಇಣುಕುತ್ತಾಳೆ, ‘ಇದ್ಯಾರ ಮನೆ?’ ಎಂದು ಕೇಳುತ್ತಾಳೆ, ಹೇಳಿದ್ದನ್ನು ಅಲ್ಲಲ್ಲೇ ತನ್ನ ದುಂಡು ಅಕ್ಷರದಲ್ಲಿ ಬರೆಯುತ್ತಾಳೆ. ಮೆಟ್ಟಿಲಿನ ಪಕ್ಕ ‘ಪುಟ್ಟಿ ಅಜ್ಜಿ ಕೂರುವ ಜಾಗ’ ಎಂದು ಬರೆಯುತ್ತಾಳೆ. ಮೂರು ವರ್ಷಕ್ಕೆ ಹೋದವಳು ಅಜ್ಜಿಯಾದಳು ಎಂದು ನೀವಿಬ್ಬರೂ ನಗುತ್ತೀರಿ, ಅಳಿಸುವುದಿಲ್ಲ.

ಕೇರಿಯ ಅರ್ಧ ಮನೆಗಳೂ ಆಗಿಲ್ಲ, ಹಾಳೆ ತುಂಬಿದೆ. ಅವನ ಫೋನು ಬಡಿಯುತ್ತದೆ. ಭಿಲಾಯಿಯಿಂದ ಮಗ. ನಾಡಿದ್ದಿನ ರೈಲಿಗೆ ಸೀಟು ಖಾಯಂ ಆಗಿದೆಯಂತೆ.

‘ಕ್ಯಾನ್ಸಲ್ ಮಾಡಪ್ಪಾ’ ಅನ್ನುತ್ತಾನೆ ಅವನು, ಪೆನ್ಸಿಲ್ ಕೆಳಗಿಡದೆ. ‘ಇಲ್ಲಿ ಊರು ಕಟ್ತಾ ಇದೀವಿ. ಮುಗಿದ ಮೇಲೆ ಬರ್ತೀನಿ.’